ಏರಬೇಕಿಲ್ಲದ ತೆಂಗು

ಸರ್ಕಾರದವರು ಕೆಟ್ಟವರೇನಲ್ಲ. ಬರುವಾಗ ಕ್ಯಾಮೆರಾ ತರುತ್ತಾರೆ, ತಿಂಡಿಯ ಡಬ್ಬಿ ತರುತ್ತಾರೆ, ಹೋಗುವಾಗ ಮುದುಕರಿಗೂ ಮಕ್ಕಳಿಗೂ ತಲೆಬಾಗಿಯೇ ಹೋಗುತ್ತಾರೆ. ರಾಸಿನೆಮ್‌ಗೆ ಅವರಿಗಿಂತ ಹೆಚ್ಚು ಸಿಟ್ಟಿರುವುದು ತನ್ನದೇ ಬಾಯಿಯ ಮೇಲೆ.

ಪುರ್ಬಲಿಂಗ್ಗಾ ಸೀಮೆಯ ಆ ಊರಲ್ಲಿ ಎಲ್ಲರದೂ ಒಂದೇ ಕಸುಬು. ಗಂಡಸರು ಬೆಳಿಗ್ಗೆ ಸಂಜೆ ತೆಂಗಿನ ಮರ ಹತ್ತಿ, ಹೊಂಬಾಳೆ ಕೊಯ್ದು, ಬಿದಿರ ಕೊಳವೆಗಳಲ್ಲಿ ನೀರಾ ಇಳಿಸಬೇಕು. ಹೆಂಗಸರು ಅದನ್ನು ಬಾಣಲೆಯಲ್ಲಿ ಕಾಯಿಸಿ ಬೆಲ್ಲ ಮಾಡಬೇಕು. ಮರದಿಂದ ಬಿದ್ದವನಿಲ್ಲದ ಓಣಿ ಆ ಊರಲ್ಲಿಲ್ಲ. ರಾಸಿನೆಮ್‌ಳ ಗಂಡ ದರ್ಸುಮ್ ಬಿದ್ದದ್ದು ಒಂದು ಮಳೆಗಾಲದಲ್ಲಿ. ಕಾಲಿಡಲೆಂದು ಕಾಂಡದಲ್ಲಿ ಕಡಿದಿದ್ದ ಕಚ್ಚು ಆಳ ಸಾಲದೆ, ಪಾಚಿಯ ಮೇಲೆ ಹೆಬ್ಬೆರಳು ಜಾರಿತು. ಜೀವ ಉಳಿಯಿತು, ಆದರೆ ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಅಂದಿನಿಂದ ಅವನು ಜಗಲಿಯ ಬಿದಿರ ಮಂಚದ ಮೇಲೆ. ಮರ ಹತ್ತುವವನು ಅಳಿಯ ಸರ್ವಿನ್. ಅವನ ಕಾಲು ನೆಲ ಮುಟ್ಟುವ ತನಕ ರಾಸಿನೆಮ್ ಒಲೆಗೆ ಸೌದೆ ಇಡುತ್ತಿರಲಿಲ್ಲ. ಈ ಮನೆಯಿಂದ ಇನ್ನೊಬ್ಬ ಬೀಳಬಾರದು ಎಂಬುದೊಂದೇ ಅವಳ ಆಸೆ.

ಅಂಥ ಹೊತ್ತಿಗೆ ಕೃಷಿ ಇಲಾಖೆಯ ಹೆಂದಾರ್ತೊ ಯೋಜನೆಯೊಂದನ್ನು ತಂದ. ಬೆಲ್ಲ ಮಾಡುವ ಸಣ್ಣ ರೈತರಿಗೆ ಗಿಡ್ಡ ತಳಿಯ ತೆಂಗಿನ ಸಸಿ, ಪೂರ್ತಿ ಉಚಿತ. ನಾಲ್ಕೇ ವರ್ಷಕ್ಕೆ ಹೊಂಬಾಳೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ಷರತ್ತು ಒಂದೇ: ಮೊದಲು ಹಳೇ ಮರ ಕಡಿದು ಮೋಟುಗಳ ಫೋಟೊ ಕೊಡಬೇಕು.

"ಅರ್ಧ ಕಡ್ಸು, ಅರ್ಧ ಇಟ್ಕೋ. ಸಸಿ ಕಣ್ಣಿಗೆ ಬಿದ್ಮೇಲೆ ಮಿಕ್ಕಿದ್ದು ನೋಡೋಣ," ಎಂದ ದರ್ಸುಮ್.

"ನಿಮ್ಮ ಸೊಂಟ ಹೋಗಿದ್ದು ಸಾಲ್ದೇನ್ರೀ? ಅಳಿಯಂದೂ ಹೋಗ್ಬೇಕಾ?"

ಹದಿನೆಂಟು ಮರದಲ್ಲಿ ಹದಿನಾಲ್ಕು ಉರುಳಿದವು. ಒಂದೊಂದು ಬಿದ್ದಾಗಲೂ ರಾಸಿನೆಮ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಮಂಕುದಿಣ್ಣೆ!

ಸಸಿಯ ಲಾರಿ ಬಂದ ದಿನ ಊರಿಗೆ ಊರೇ ಮೈದಾನದಲ್ಲಿ ನೆರೆದಿತ್ತು. ಹೆಂದಾರ್ತೊ ಚಿತ್ರದಲ್ಲಿ ತೋರಿಸಿದ್ದ ಗಿಡ್ಡ ಸಸಿಯ ದಂಟು ಅರಿಸಿನದಷ್ಟು ಹಳದಿ. ಲಾರಿಯಿಂದ ಇಳಿದವುಗಳ ದಂಟು ಕಡು ಹಸಿರು, ಬುಡದಲ್ಲಿ ಕಂದು, ಕೈಬೆರಳಷ್ಟು ದಪ್ಪ. ಎತ್ತರದ ತಳಿ! ಹುಟ್ಟಿದಾಗಿನಿಂದ ತೆಂಗಿನ ಬುಡದಲ್ಲೇ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಸಿ ಚೆನ್ನಾಗಿವೆ ಅಲ್ವಾ ಅಕ್ಕಾ?" ಹೆಂದಾರ್ತೊ ಅವಳ ಕೈಗೇ ಒಂದನ್ನು ಕೊಟ್ಟು ಕೇಳಿದ.

ದೊಡ್ಡವರ ಎದುರು, ನಾಲ್ಕು ಜನರ ಮುಂದೆ, ಇಲ್ಲ ಎನ್ನುವುದು ಆ ಊರಲ್ಲಿ ಬೈಗುಳಕ್ಕೆ ಸಮ. ಮನಸ್ಸಿಗೆ ಒಪ್ಪಿಗೆಯಾಗದಿದ್ದರೂ ಮೊದಲು ಹೂಂ ಎನ್ನಬೇಕು, ಮಿಕ್ಕದ್ದನ್ನು ಆಮೇಲೆ ಯಾರ ಮೂಲಕವಾದರೂ ಮೆಲ್ಲಗೆ ಮುಟ್ಟಿಸಬೇಕು.

"ಹೂಂ ಸಾಹೇಬ್ರೆ, ಚೆನ್ನಾಗಿವೆ," ಎಂದಳು. ನಕ್ಕಳು ಕೂಡ. ಫೋಟೊ ತೆಗೆದರು, ಹಾಳೆಯ ಮೇಲೆ ಸಹಿ ಹಾಕಿಸಿಕೊಂಡರು.

ಲಾರಿ ಹೋದ ಮೇಲೆ ಬೆಲ್ಲ ಮಾಡುವವರ ಸಂಘದ ಹಿರಿಯ ಸನಿಮಾನ್‌ನನ್ನು ಹಿಡಿದು ನಿಲ್ಲಿಸಿದಳು. "ಅಣ್ಣಾ, ದಂಟು ನೋಡಿದ್ರಾ?"

"ನೋಡ್ದೆ."

"ಮತ್ತೆ ಬಾಯಿ ಬಿಡೋದಲ್ವಾ?"

"ನಾನ್ಯಾಕೆ ಬಿಡ್ಲಿ? ಸಸಿ ಹಿಡ್ಕೊಂಡು ಮದುವೆ ಹೆಣ್ಣಿನ ಥರಾ ಹಲ್ಲು ಕಿರಿದೋಳು ನೀನು."

ಅಷ್ಟು ಜನರೂ ನೋಡಿದ್ದರು, ಅಷ್ಟು ಜನರೂ ಹೂಂ ಅಂದಿದ್ದರು. ಮಿಕ್ಕದ್ದನ್ನು ಮುಟ್ಟಿಸುವವರು ಮಾತ್ರ ಯಾರೂ ಹುಟ್ಟಲಿಲ್ಲ.

ವಾರ ಕಳೆದು ಅವಳೇ ಸಸಿಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೇಟೆಯ ಕಚೇರಿಗೆ ಹೋದಳು. ಹೆಂದಾರ್ತೊ ಕುರ್ಚಿ ಹಾಕಿಸಿ, ಸಕ್ಕರೆ ಜಾಸ್ತಿ ಹಾಕಿದ ಚಹಾ ತರಿಸಿಕೊಟ್ಟ. ಸಸಿಯ ಕಡೆ ತಿರುಗಿಯೂ ನೋಡಲಿಲ್ಲ.

"ಅಕ್ಕಾ, ಕಾಗದದಲ್ಲಿ ಗಿಡ್ಡ ತಳಿ ಅಂತಿದೆ. ನಿಮ್ಮೂರಲ್ಲಿ ನಲವತ್ತೊಂದು ಮನೆಯವರು ನೋಡಿ ಒಪ್ಪಿ ಸಹಿ ಹಾಕಿದ್ದಾರೆ. ಇಲ್ಲಿ ನೋಡಿ, ನೀವೇ ಎಷ್ಟು ಖುಷಿಯಾಗಿದ್ದೀರಿ," ಎಂದು ಫೋಟೊ ತೋರಿಸಿದ. "ಈಗ ಇದೆಲ್ಲಾ ಸುಳ್ಳು ಅಂತ ನಾನು ಬರೆದ್ರೆ ನಿಮ್ಮೂರಿನ ಮರ್ಯಾದೆ ಏನಾಗುತ್ತೆ, ಹೇಳಿ?"

ಹೇಳಲು ಅವಳ ಹೊಟ್ಟೆಯಲ್ಲಿ ಬೇಕಾದಷ್ಟಿತ್ತು. ಚಹಾ ಮುಗಿಸಿ ಲೋಟವನ್ನು ಎರಡೂ ಕೈಯಲ್ಲಿ ಕೆಳಗಿಟ್ಟು, "ಹೂಂ ಸಾಹೇಬ್ರೆ," ಎಂದಳು. ಥೂ, ಈ ಬಾಯಿಗಿಷ್ಟು ಬೆಂಕಿ ಹಾಕ!

ಆ ಹಾಳು ಸಸಿಗಳನ್ನೇ ನೆಡಬೇಕಾಯಿತು. ಮಿಕ್ಕ ನಾಲ್ಕು ಮರದ ನೀರಾ ಒಂದು ಬಾಣಲೆಯ ತಳ ಮುಚ್ಚುತ್ತಿರಲಿಲ್ಲ. ಮಗಳು ತುರ್ಸಿತಿ ಕೃತಕ ರೆಪ್ಪೆಗೂದಲು ಮಾಡುವ ಕಾರ್ಖಾನೆ ಸೇರಿದಳು. ದಿನವಿಡೀ ಯಾರದೋ ಕಣ್ಣಿಗೆ ರೆಪ್ಪೆ ಕಟ್ಟಿ, ತನ್ನ ಕಣ್ಣು ಕೆಂಪಾಗಿಸಿಕೊಂಡು ಬರುತ್ತಿದ್ದಳು. ನಾಲ್ಕನೆಯ ವರ್ಷಕ್ಕೆ ಒಂದು ಹೊಂಬಾಳೆಯೂ ಇಲ್ಲ. ಹೆಂದಾರ್ತೊ ಮತ್ತೆ ಬಂದು ಕತ್ತೆತ್ತಿ ನೋಡಿ, "ಅಬ್ಬಾ, ಎಷ್ಟು ಎತ್ತರ ಬೆಳೆಸಿದ್ದೀರಿ!" ಎಂದು ಹೊಗಳಿ, ಗಿಡ್ಡ ತೆಂಗು ಎಂದು ಬರೆದ ತಗಡನ್ನು ಪ್ರತಿ ಮರಕ್ಕೂ ಹೊಡೆಸಿ ಹೋದ.

ಏಳನೆಯ ವರ್ಷ ಮೊದಲ ಹೊಂಬಾಳೆ ಕಂಡಿತು, ಎರಡಾಳು ಎತ್ತರದಲ್ಲಿ. ಸರ್ವಿನ್ ಮಚ್ಚು ಮಸೆದುಕೊಂಡು ಬಂದ.

"ಈಗೇನು ಭಯ ಇಲ್ಲ ಅತ್ತೆ. ಬಿದ್ರೂ ಕಾಲು ಉಳುಕುತ್ತೆ ಅಷ್ಟೆ."

"ಇನ್ನು ಹತ್ತು ವರ್ಷಕ್ಕೆ?"

ಅವನು ತಗಡಿನ ಕೆಳಗೆ ಮೊದಲ ಕಚ್ಚು ಕಡಿದ. ರಾಸಿನೆಮ್ ಹತ್ತಿರ ಹೋಗಿ ಅದರೊಳಗೆ ಹೆಬ್ಬೆರಳು ಇಟ್ಟು ನೋಡಿದಳು. ಉಗುರು ಮುಳುಗಲಿಲ್ಲ.

"ಎಷ್ಟು ಆಳ ಇದೆ?" ಜಗಲಿಯಿಂದ ದರ್ಸುಮ್ ಕೂಗಿದ.

ಅವಳು ಅಳಿಯನ ಕೈಯಿಂದ ಮಚ್ಚು ಕಿತ್ತುಕೊಂಡಳು. ಮರದ ಮೇಲೆ ಯಾರೂ ಕಾಲಿಡಬಾರದೆಂದು ಹದಿನಾಲ್ಕು ಮರ ಉರುಳಿಸಿದ್ದವಳು, ಕಾಲಿಡುವ ಜಾಗವನ್ನು ತಾನೇ ಕಡಿಯತೊಡಗಿದಳು. ಅಳು ಬರುತ್ತಿತ್ತು, ಕಡಿದಳು.

"ಕಾಲಿಟ್ಟು ನೋಡು. ಸರಿಯಾಯ್ತಾ?"

ಸರ್ವಿನ್ ಪಾದವಿಟ್ಟ. ಅತ್ತೆಯ ಮುಖ ನೋಡಿ, "ಹೂಂ ಅತ್ತೆ," ಎಂದ.

"ಹೂಂ ಅನ್ಬೇಡ!" ಅವಳು ಕಿರುಚಿದಳು. "ನನ್ನ ಮುಖ ನೋಡಿ ಹೂಂ ಅನ್ಬೇಡ ಕಣಪ್ಪಾ. ಸಾಲ್ದಿದ್ರೆ ಇಲ್ಲ ಅನ್ನು."

ಅವನು ನಾಚಿಕೆಯಿಂದ ತಲೆ ತಗ್ಗಿಸಿದ. ಪಾದವನ್ನು ಹಿಂದಕ್ಕೆಳೆದುಕೊಂಡು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ಇಲ್ಲ ಅತ್ತೆ. ಇನ್ನೂ ಒಂಚೂರು ಬೇಕು."

ರಾಸಿನೆಮ್ ಮತ್ತೆ ಮಚ್ಚು ಎತ್ತಿದಳು.