ನಾಲ್ಕನೇ ಚುಕ್ಕಿ

ಗಣಿತದ ಮೇಷ್ಟ್ರು ವಿಜಯೇಂದ್ರರ ಪಾಲಿಗೆ ಜಗತ್ತಿನಲ್ಲಿ ವಕ್ರ ಎನ್ನುವುದೇ ಇರಲಿಲ್ಲ, ಅವರ ಮಾತಿನ ಧಾಟಿಯೊಂದನ್ನು ಬಿಟ್ಟು. ಎರಡು ಪಟ್ಟು ಹಾಕಿದರೆ ಎರಡು ಪಟ್ಟು ಬರುತ್ತದೆ. ಸ್ಪ್ರಿಂಗಿಗೆ ತೂಗುಹಾಕಿದ ಕಲ್ಲಾಗಲಿ, ಸಂತೆಯ ವ್ಯಾಪಾರವಾಗಲಿ, ಬೇಸಾಯವಾಗಲಿ, ಸಂಸಾರವಾಗಲಿ, ಎಲ್ಲದಕ್ಕೂ ಅದೊಂದೇ ಮಂತ್ರ.

"ಹಂಗಾದ್ರೆ ಸಾರಿಗೂ ಎರಡು ಪಟ್ಟು ಉಪ್ಪು ಹಾಕ್ಲೇನ್ರೀ?" ಎಂದು ಹೆಂಡತಿ ದಾಕ್ಷಾಯಣಮ್ಮ ಕೇಳಿದರೆ, "ನಿಂಗೆ ಅರ್ಥ ಆಗಲ್ಲ ಮಾರಾಯ್ತಿ, ಒಳಗೆ ಹೋಗು" ಎನ್ನುತ್ತಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ಈ ಮಹಾನುಭಾವರ ಮುಕ್ಕಾಲು ಎಲ್ಲಿ ಬಿದ್ದುಹೋಗಿದೆಯೋ ಎಂದುಕೊಂಡು ಆಕೆ ಒಳಗೆ ಹೋಗುತ್ತಿದ್ದಳು.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಭದ್ರಾವತಿಯ ಕಾಲೇಜೊಂದು 'ಎಲ್ಲೆಲ್ಲೂ ಸರಳರೇಖೆ' ಎಂಬ ಉಪನ್ಯಾಸಕ್ಕೆ ಮೇಷ್ಟ್ರನ್ನು ಕರೆಯಿತು. ತಗೋ, ಕೋಡು ಮೂಡಿತು! ಕಣ್ಣಿಗೆ ಕಾಣುವಂಥ ಉದಾಹರಣೆ ಬೇಕೆಂದು ರವೀಂದ್ರನಗರದ ಮನೆಯಂಗಳವನ್ನೆಲ್ಲ ಹುಡುಕಿ, ಕಡೆಗೆ ಮಲ್ಲಿಗೆ ಬಳ್ಳಿಯ ಮುಂದೆ ನಿಂತರು.

ಅದು ದಾಕ್ಷಾಯಣಮ್ಮನ ತಾಯಿ ಹೊಳಲೂರಿನ ಹಿತ್ತಲಿನಿಂದ ಕೈಯಾರೆ ಕಿತ್ತು ಕೊಟ್ಟ ಬಳ್ಳಿ. ತಾಯಿ ತೀರಿಕೊಂಡರು, ಹೊಳಲೂರಿನ ಮನೆಯನ್ನು ಅಣ್ಣಂದಿರು ಮಾರಿದರು. ತವರು ಅಂತ ಆಕೆಗೆ ಉಳಿದದ್ದು ಅದೊಂದೇ.

ಮೇಷ್ಟ್ರು ಒಂದು ಚಮಚ ಯೂರಿಯಾ ಹಾಕಿದರು, ಕುಡಿ ಒಂದು ಗೇಣು ಬೆಳೆಯಿತು. ಎರಡು ಚಮಚಕ್ಕೆ ಎರಡು ಗೇಣು, ಮೂರಕ್ಕೆ ಮೂರು. ಹಾಳೆಯ ಮೇಲೆ ಮೂರು ಚುಕ್ಕಿ ಇಟ್ಟು, ಗೆರೆ ಎಳೆದು, ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡಿದರು.

"ಸಾಕು ಕಣ್ರೀ. ಅತಿಯಾದ್ರೆ ಅಮೃತಾನೂ ವಿಷ."

"ಗಾದೆ ನಿಂದು, ಗಣಿತ ನಂದು," ಎಂದವರೇ ಬೊಗಸೆ ತುಂಬ ಯೂರಿಯಾ ಸುರಿದರು.

ವಾರದೊಳಗೆ ಬಳ್ಳಿ ಬುಡದಿಂದ ತುದಿಯವರೆಗೂ ಸುಟ್ಟುಹೋಯಿತು. ದಾಕ್ಷಾಯಣಮ್ಮ ಅಂಗಳದಲ್ಲೇ ಕೂತು ಅತ್ತಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದರು: "ಒಂದು ಗಿಡಕ್ಕೆ ಇಷ್ಟು ಅಳ್ತಾರಾ? ಸವಳಂಗ ರಸ್ತೆ ನರ್ಸರಿಯಿಂದ ಎರಡು ತಂದುಕೊಡ್ತೀನಿ, ಬಿಡು."

ಎರಡಂತೆ! ಆ ಮಾತಿಗೆ ಆಕೆಯ ಅಳು ಫಕ್ಕನೆ ನಿಂತಿತು. ಇಷ್ಟು ವರ್ಷ ಈ ಮನುಷ್ಯನಿಗೆ ಹೆದರಿಕೊಂಡು ಬದುಕಿದೆನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು.

ಉಪನ್ಯಾಸದ ದಿನ ಬೆಳಿಗ್ಗೆ ಪ್ರೊಜೆಕ್ಟರಿನ ಗಾಜಿನ ಮೇಲಿಟ್ಟು ಪರದೆಯಲ್ಲಿ ತೋರಿಸುವ ಪ್ಲಾಸ್ಟಿಕ್ ಹಾಳೆಯನ್ನು ಮೇಷ್ಟ್ರು ಮೇಜಿನ ಮೇಲೆ ಇಟ್ಟಿದ್ದರು. ಅದರಲ್ಲಿ ಮೂರೇ ಚುಕ್ಕಿ. ಬಳ್ಳಿ ಸತ್ತ ಚುಕ್ಕಿ ನಾಪತ್ತೆ. ಗೆರೆ ಮಾತ್ರ ಆಕಾಶದ ಕಡೆಗೆ ಹೊರಟಿತ್ತು. ದಾಕ್ಷಾಯಣಮ್ಮ ಅಂಗಳಕ್ಕೆ ಹೋಗಿ ಒಣಗಿದ ಬಳ್ಳಿಯನ್ನು ಕಿತ್ತು, ಸುತ್ತಿ, ಕೈಚೀಲಕ್ಕೆ ತುಂಬಿಕೊಂಡಳು. ಭದ್ರಾವತಿ ಬಸ್ಸಿನಲ್ಲಿ ಆಕೆಯ ಪಕ್ಕ ಕೂತ ಮೇಷ್ಟ್ರು ದಾರಿಯುದ್ದಕ್ಕೂ ಭಾಷಣ ಉರು ಹೊಡೆಯುತ್ತಿದ್ದರು. ಚೀಲದಲ್ಲಿ ಏನಿದೆ ಎಂದು ಕೇಳಲೂ ಇಲ್ಲ.

ಉಪನ್ಯಾಸ ಮುಗಿಯಿತು. "ಮನೆಯಂಗಳದಲ್ಲೇ ಸಾಬೀತು ಮಾಡಿದ್ದೀನಿ!" ಎಂದು ಮೇಷ್ಟ್ರು ಪರದೆಯ ಗೆರೆಗೆ ಕೋಲು ಕುಟ್ಟಿದ್ದಕ್ಕೆ ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲ್ ಈಶ್ವರಪ್ಪ ಮೈಕ್ ಹಿಡಿದು, "ಅಮ್ಮನವರೂ ಮೇಲೆ ಬರ್ಬೇಕು. ದಂಪತಿಗೆ ಒಟ್ಟಿಗೆ ಶಾಲು ಹೊದಿಸ್ತೀವಿ," ಎಂದರು.

ಶಾಲು ಹೊದಿಸಿದರು, ಹಣ್ಣು ಕೊಟ್ಟರು. ಆಕೆಯ ಕೈಗೆ ಒಂದು ಮೊಳ ಮಲ್ಲಿಗೆಯನ್ನೂ ಇಟ್ಟರು.

"ನೀವೂ ಎರಡು ಮಾತಾಡಿ ಅಮ್ಮ."

"ಮಾತು ಇವರದ್ದೇ ಸಾಕಲ್ವಾ ಸರ್?"

ಪ್ರೊಜೆಕ್ಟರಿನ ದೀಪ ಇನ್ನೂ ಉರಿಯುತ್ತಿತ್ತು. ದಾಕ್ಷಾಯಣಮ್ಮ ಚೀಲದಿಂದ ಬಳ್ಳಿ ತೆಗೆದು, ಗಾಜಿನ ಮೇಲಿದ್ದ ಹಾಳೆಯ ಮೇಲೆ ಇಟ್ಟಳು. ಪರದೆಯ ಮೇಲಿನ ನೆಟ್ಟನೆ ಗೆರೆಗೆ ಅಡ್ಡಲಾಗಿ ಸೊಟ್ಟ ನೆರಳು ಜೋತುಬಿತ್ತು.

"ನಾಲ್ಕನೇ ಚುಕ್ಕಿ ರೀ. ಮನೇಲೇ ಬಿಟ್ಟು ಬಂದಿದ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಬಳ್ಳಿಯನ್ನು ಎತ್ತಿ ಎಸೆಯಲು ಕೈ ಚಾಚಿದರು.

"ಮುಟ್ಟಬೇಡಿ," ಎಂದಳು ದಾಕ್ಷಾಯಣಮ್ಮ. "ಅದು ನಮ್ಮಮ್ಮಂದು."