ಗೋಡೆಯ ಕಡೆಗಿದ್ದ ದೇವರು

ನಮ್ಮ ಜನ ಸಂಬಂಧ ಕಡಿದುಕೊಳ್ಳುವಾಗ ಬೈಯುವುದಿಲ್ಲ. ಎದುರಿಗೆ ಬಂದು, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅಲ್ಲಿಗೆ ಮುಗಿಯಿತು. ಕಡಲಾಚೆಯಿಂದ ಬಂದ ಪಾದ್ರಿಗೆ ಇದು ಗೊತ್ತಿರಲಿಲ್ಲ.

ಬಂದ ವರ್ಷವೇ ಆತ ಜ್ವರಕ್ಕೆ ಬಿದ್ದಾಗ ಗಂಜಿ ಕುಡಿಸಿ ಬದುಕಿಸಿದವಳು ನನ್ನ ಅಮ್ಮ. ಅಂದಿನಿಂದ ಅವಳಿಗೆ ಅವನೂ ಮಗನೇ, ನನಗಿಂತ ಒಂದು ಕೈ ಹೆಚ್ಚೇ ಎನ್ನಿ. ಅವನ ದೊರೆಗಳು ನಮ್ಮ ಕಾಡನ್ನು ನುಂಗಿ ನೀರು ಕುಡಿದಿದ್ದರು. ಆ ಸಿಟ್ಟು ನನಗೆ ಇವನ ಮೇಲೂ ಇತ್ತು. ಅಮ್ಮನಿಗಿರಲಿಲ್ಲ.

ಇಗರ್ಜಿ ಎದ್ದಿತು. ನಾನು ಬಡಗಿ; ಬಾಗಿಲು, ಬೆಂಚು, ಗೋಡೆಗೆ ಒತ್ತಿ ನಿಲ್ಲಿಸಿದ ಪೂಜೆಯ ಮೇಜು, ಎಲ್ಲ ನನ್ನದೇ ಕೆಲಸ. ಮೊದಲ ಪೂಜೆಗೆ ಅಮ್ಮ ಮುಂದಿನ ಬೆಂಚಿನಲ್ಲಿ ಕೂತಳು. ಪಾದ್ರಿ ನಗುತ್ತ ಬಂದ, ಅವಳನ್ನೇ ನೋಡಿದ, ಆಮೇಲೆ ಬೆನ್ನು ತಿರುಗಿಸಿ ಪ್ರಾರ್ಥನೆ ಶುರು ಮಾಡಿದ. ಅಮ್ಮ ಎದ್ದು ಮನೆಗೆ ನಡೆದಳು. ಅವಳ ಹಿಂದೆ ಎಲ್ಲರೂ ನಡೆದರು.

ಪಾದ್ರಿ ಓಡಿಬಂದ. ಅಮ್ಮ ಗೋಡೆಗೆ ಮುಖ ಮಾಡಿ ಕೂತಿದ್ದಳು. ವಿಷಯ ನಾನೇ ಬಿಡಿಸಿ ಹೇಳಿದೆ. ಅವನದು ಮೊದಲೇ ಬಿಳಿ ಮುಖ, ಇನ್ನಷ್ಟು ಬಿಳಿಚಿತು.

“ಅಮ್ಮಾ, ಅದು ನಮ್ಮ ಪೂಜೆ ಕ್ರಮ. ಗೋಡೆ ಕಡೆಗಿರೋ ದೇವರಿಗೆ ಬೆನ್ನು ಮಾಡೋಕಾಗುತ್ತಾ?”

“ನನಗೆ ಮಾಡೋಕಾಯ್ತಲ್ಲಪ್ಪ,” ಎಂದಳು ಅಮ್ಮ, ತಿರುಗದೆ.

ಮಾರನೆಯ ದಿನ ಆತ ನನ್ನ ಹತ್ತಿರ ಬಂದ. “ಅಣ್ಣ, ಆ ಮೇಜನ್ನ ಮುಂದಕ್ಕೆ ಎಳೀಬೇಕು. ನಾನು ಅದರ ಹಿಂದೆ ನಿಂತು ನಿಮ್ಮನ್ನ ನೋಡ್ಕೊಂಡೇ ಪೂಜೆ ಮಾಡ್ತೀನಿ.”

“ನಿಮ್ಮ ದೊಡ್ಡ ಪಾದ್ರಿಗಳು ಸುಮ್ನಿರ್ತಾರಾ?”

“ಇರಲ್ಲ.”

ಇಬ್ಬರೂ ಸೇರಿ ಎಳೆದೆವು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಆ ಭಾನುವಾರ ಅಮ್ಮನನ್ನು ನಾನೇ ಕಾಡಿಬೇಡಿ ಕರೆದೊಯ್ದೆ. ಪೂಜೆಯ ಒಂದು ಪದವೂ ಅರ್ಥವಾಗದಿದ್ದರೂ ಪ್ರತಿ ಮಾತಿಗೂ ತಲೆಯಾಡಿಸಿದಳು. ಆದರೆ ಗೋಡೆಗೂ ಕಿವಿ ಇರುತ್ತದಲ್ಲ, ಸುದ್ದಿ ಪಟ್ಟಣ ಮುಟ್ಟಿತು. ದೊಡ್ಡ ಪಾದ್ರಿ ಬಂದರು. ಮೇಜು ಮತ್ತೆ ಗೋಡೆಗೆ ಹೋಯಿತು, ನಮ್ಮ ಪಾದ್ರಿಗೆ ಬೇರೆ ಊರಿಗೆ ಹೋಗಲು ಅಪ್ಪಣೆಯಾಯಿತು.

ಹೊರಡುವ ದಿನ ಅಮ್ಮ ದಾರಿಯಲ್ಲಿ ನಿಂತಳು. ದೊಡ್ಡ ಪಾದ್ರಿ ಗಾಡಿಯ ಮುಂದುಗಡೆ ಕೂತರು. ನಮ್ಮವನು ಹಿಂದುಗಡೆ ಕಾಲು ಇಳಿಬಿಟ್ಟು, ನಮ್ಮ ಕಡೆ ಮುಖ ಮಾಡಿ ಕೂತ. ಕೂತು ಅತ್ತುಬಿಟ್ಟ. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಗಾಡಿ ತಿರುವಿನಲ್ಲಿ ಮರೆಯಾದರೂ ಅಮ್ಮ ಕದಲಲಿಲ್ಲ.

“ಬಾರಮ್ಮ, ಹೋದ.”

“ತಡಿಯೋ, ಈಗಲೇ ತಿರುಗಬೇಡ. ಅವನು ಇನ್ನೂ ಈ ಕಡೆ ನೋಡ್ತಿರ್ತಾನೆ.”