ವಿರೂಪಾಕ್ಷಪ್ಪನ ನಿದ್ದೆಗೆ ಹಸಿರು ಪುಸ್ತಕ

ರಾಣೆಬೆನ್ನೂರಿನ ಸುಗುಣಾಬಾಯಿ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಸುಮ್ಮನೆ ಕೂಡುವ ಹೆಂಗಸಲ್ಲ ಎಂದು ತಿಳಿದ ಪಾಸ್ಟರು, ಚರ್ಚಿನ ಪುಸ್ತಕದ ಕಪಾಟಿನ ಕೀಲಿಯನ್ನು ಆಕೆಯ ಕೈಗೆ ಕೊಟ್ಟರು. ವಿಶ್ವಾಸ ಗಟ್ಟಿ ಮಾಡುವ ಪುಸ್ತಕಗಳು ಮೇಲಿನ ಸಾಲಿನಲ್ಲಿ, ಸೇವೆಗೆ ಇಳಿಯುವವರಿಗೆ ದಾರಿ ತೋರಿಸುವವು ನಡುವೆ, ಆತ್ಮಿಕ ಬೆಳವಣಿಗೆಯವು ಕೆಳಗೆ. ಬಂದವರನ್ನು ನೋಡಿ ತಕ್ಕ ಪುಸ್ತಕ ಕೊಡಿ ಎಂದಷ್ಟೇ ಅವರು ಹೇಳಿದ್ದು.

ಸುಗುಣಾಬಾಯಿ ನೋಡಿಯೇ ಕೊಡುತ್ತಿದ್ದಳು. ನಾಡಿ ಹಿಡಿಯುವಳು, ನಾಲಿಗೆ ಚಾಚಿಸುವಳು, ಹೊಟ್ಟೆ ಸಾಫಾಗುತ್ತದೆಯೇ ಎಂದು ಕೇಳುವಳು. ಸಿಟ್ಟಿನವರಿಗೆ ದಪ್ಪ ಪುಸ್ತಕ, ಅಳುಬುರುಕರಿಗೆ ತೆಳ್ಳಗಿನದು. “ಊಟ ಆದ ಮ್ಯಾಲೆ ಎರಡ ಹಾಳಿ ಓದ್ರಿ. ಖಾಲಿ ಹೊಟ್ಟಿಲೆ ಪ್ರವಾದಿಗಳ ಪುಸ್ತಕ ಹಿಡೀಬ್ಯಾಡ್ರಿ, ತಲಿ ತಿರಗತೈತಿ,” ಎಂದು ಎಚ್ಚರಿಸಿ ಕಳಿಸುವಳು. ಜನರಿಗೂ ಅದು ಹಿಡಿಸಿತ್ತು. ದವಾಖಾನೆಗಿಂತ ಇಲ್ಲಿ ಸರದಿ ಸಣ್ಣದು, ಸೂಜಿಯ ಭಯವೂ ಇಲ್ಲ.

2005ರ ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ದಲಾಲಿ ವಿರೂಪಾಕ್ಷಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ಚರ್ಚಿನ ಕಂಪೌಂಡಿಗೆ ಬಂದ. ನಿದ್ದೆ ಅವನನ್ನು ಬಿಟ್ಟುಹೋಗಿ ಬಹಳ ದಿನಗಳಾಗಿದ್ದವು. ಗುಳಿಗೆ ನುಂಗಿದ್ದ, ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡಿದ್ದ. ಯಾವುದೂ ನಾಟಿರಲಿಲ್ಲ.

“ಬಾಯಾರ, ನಾ ನಿಮ್ಮ ಸಭಾದಾಂವ ಅಲ್ಲರಿ. ನನಗ ನಡೀತೈತೇನ್ರಿ?”

“ಗುಳಿಗಿ ಕೊಡೂ ಮುಂದ ಜಾತಿ ಕೇಳತಾರೇನು? ನಾಲಿಗಿ ತಗೀರಿ.”

ಕಣ್ಣು ಕೆಂಡದಂತಿದ್ದವು, ಮೈಯೆಲ್ಲ ಮೆಣಸಿನಕಾಯಿಯ ಘಾಟು. ಮೈಯಲ್ಲಿ ಕಾವು ಏರಿದೆ ಎಂದು ತೀರ್ಮಾನಿಸಿ ಬಾಯಿ ತಂಪಿಗೆಂದು ಹಸಿರು ರಟ್ಟಿನ ಪುಸ್ತಕವೊಂದನ್ನು ತೆಗೆದುಕೊಟ್ಟಳು.

ವಾರ ಕಳೆದಿರಲಿಲ್ಲ, ಬ್ಯಾಡಗಿಯಿಂದ ಒಂದು ಟ್ರ್ಯಾಕ್ಸ್ ಗಾಡಿ ಬಂದು ಚರ್ಚಿನ ಮುಂದೆ ನಿಂತಿತು. ವಿರೂಪಾಕ್ಷಪ್ಪನ ಹೆಂಡತಿ ನಿರ್ಮಲಾ ಇಳಿದಳು. ಹಿಂದೆಯೇ ಪಕ್ಕದ ಅಂಗಡಿಯ ಮಹಮ್ಮದ್ ಹನೀಫ್ ಇಳಿದ.

“ಬಾಯಾರ, ನಮ್ಮ ಮನಿಯವರಿಗೆ ಏನ ಕೊಟ್ಟೀರಿ?” ಎಂದಳು ನಿರ್ಮಲಾ.

“ಯಾಕವ್ವ, ನಿದ್ದಿ ಬರವಲ್ಲದೇನು?”

“ನಿದ್ದಿ ಬರತೈತ್ರಿ, ಗೊರಕಿಗೆ ಹಂಚು ಅಳ್ಳಾಡತಾವು. ಎದ್ದ ಮ್ಯಾಲೆ ಖರೇ ಮಾತಾಡಾಕತ್ಯಾರ! ನನ್ನ ತಂಗೀನ ನೋಡಾಕ ಗಂಡಿನವರು ಬಂದಿದ್ರು. ಹುಡಿಗಿಗೆ ಅಡಗಿ ಬರತೈತೇನ್ರಿ ಅಂದ್ರು. ಇವರು, ‘ಬರೂದಿಲ್ಲ, ಕಲಿಯೂ ಆಸೇನೂ ಇಲ್ಲ. ಆದ್ರ ನಿಮ್ಮ ಹುಡುಗನ ಮಾರಿಗೆ ಇಷ್ಟ ಸಾಕು’ ಅಂದುಬಿಟ್ರು.”

ಹನೀಫ್ ಮುಂದೆ ಬಂದ. “ಗಿರಾಕಿ ಬಂದು ಮಾಲು ಹ್ಯಾಂಗೈತಿ ಅಂದ್ರ, ‘ಮ್ಯಾಲಿಂದು ಹೊಸಾದು, ಬುಡಕಿಂದು ಹ್ವಾದ ವರ್ಷದ್ದು’ ಅಂತಾನ್ರಿ. ಅವನ ಮಾಲು, ಏನರೆ ಅಂದುಕೊಳ್ಳಲಿ. ನನ್ನ ಅಂಗಡಿ ತೋರಿಸಿ ‘ಅಲ್ಲೂ ಹಂಗ’ ಅಂದಾನ್ರಿ! ಇದನ್ನ ಇಳಸೂ ಪುಸ್ತಕ ಒಂದು ಕೊಡ್ರಿ. ಭಾಳ ಬ್ಯಾಡ. ಅಂಗಡಿ ನಡಸೂವಷ್ಟು ಸುಳ್ಳು ಬಂದ್ರ ಸಾಕು.”

ಬಾಯಿ ಮೂರೂ ಸಾಲು ಹುಡುಕಿದಳು. ಯಾವುದನ್ನು ಕೊಟ್ಟರೂ ರೋಗ ಹೆಚ್ಚಾಗುವಂತೆಯೇ ಕಂಡಿತು. ದಾರಿ ಕಾಣದೆ ಪಾಸ್ಟರ ಮನೆಗೆ ಹೋಗಿ ಎಲ್ಲ ಹೇಳಿದಳು. ಅವರು ಬೈಯಲಿಲ್ಲ, ಮುಖ ಮಾತ್ರ ಬಾಡಿತು.

“ಇಷ್ಟ ವರ್ಷಾತು ಪ್ರಸಂಗ ಮಾಡಾಕತ್ತೇನಿ ಬಾಯಾರ. ನಿಮ್ಮ ಮಾತು ಕೇಳಿ ನನ್ನ ಗಂಡ ಸುಧಾರಿಸ್ಯಾನ ಅಂತ ಒಬ್ಬಾಕಿನೂ ದೂರು ತಂದಿಲ್ಲ,” ಎಂದವರೇ ಚಹಾ ಅಲ್ಲೇ ಬಿಟ್ಟು ಒಳಗೆ ಹೋದರು.

ಕೊನೆಗೆ ರೋಗಿಯನ್ನೇ ನೋಡುವುದೆಂದು ಬಾಯಿ ಅದೇ ಟ್ರ್ಯಾಕ್ಸ್ ಹತ್ತಿದಳು. ಬ್ಯಾಡಗಿಯಲ್ಲಿ ಇಳಿದು ಸೀನುತ್ತಲೇ ಅಂಗಡಿ ಹೊಕ್ಕಳು. ಒಂದು ಮೂಲೆಯಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿದ್ದರು. ಗಾದಿಯ ಮೇಲೆ ವಿರೂಪಾಕ್ಷಪ್ಪ ಮದುವಣಿಗನಂತೆ ಹೊಳೆಯುತ್ತಿದ್ದ. ಬಾಯಿ ನಾಡಿ ಹಿಡಿದಳು. ಅದು ಎತ್ತಿನ ಗಾಡಿಯಂತೆ ನಿಧಾನವಾಗಿ ಹೊಡೆಯುತ್ತಿತ್ತು.

“ಎಷ್ಟ ಹಾಳಿ ಓದಿದ್ರಿ?”

“ಒಂದೂ ಇಲ್ಲರಿ. ಕನ್ನಡಕ ಒಡದೈತಿ. ತಲಿಬುಡಕ ಇಟಗೊಂಡೆ, ನಿದ್ದಿ ಹತ್ತತು.”

“ಮತ್ತ ಈ ಖರೇ ಹೇಳೂದು?”

“ಮೊದಲೆಲ್ಲ ರಾತ್ರಿಪೂರಾ ಎಚ್ಚರಿದ್ದು, ಯಾರಿಗೆ ಯಾವ ಸುಳ್ಳು ಹೇಳೇನಿ ಅಂತ ನೆನಪ ಮಾಡಕೋತಿದ್ದೆ. ಈಗ ನಿದ್ದಿ ಬಂದುಬಿಡತೈತಿ, ಮುಂಜಾನೆ ಒಂದೂ ನೆನಪಿರೂದಿಲ್ಲ. ಖರೇ ಮಾತಿಗೆ ಆ ತ್ರಾಸಿಲ್ಲ ನೋಡ್ರಿ.” ಅವನು ದಿಂಬಿನ ಕೆಳಗಿನಿಂದ ಪುಸ್ತಕ ತೆಗೆದ. “ಅಲ್ಲ ಬಾಯಾರ, ಇದರಾಗ ಏನೈತ್ರಿ? ನೀವು ಓದೀರಲ್ಲ?”

ಓದೇನಿ ಎನ್ನುವ ಮಾತು ಸುಗುಣಾಬಾಯಿಯ ನಾಲಿಗೆಯ ತುದಿಗೆ ಬಂತು. ಆದರೆ ಆ ಮನುಷ್ಯ ಎಷ್ಟು ನಂಬಿಕೆಯಿಂದ ನೋಡುತ್ತಿದ್ದನೆಂದರೆ, ಮಾತು ಅಲ್ಲಿಂದ ಮುಂದೆ ಬರಲಿಲ್ಲ.

“ಇಲ್ಲಪ್ಪ. ಬಣ್ಣಾ ನೋಡಿ ಕೊಟ್ಟೆ.”

ಹನೀಫ್ ಹಣೆ ಬಡಿದುಕೊಂಡ. “ಯಾ ಅಲ್ಲಾ! ಇವರಿಗೂ ಹತ್ತತು.”

ಬಾಯಿ ಕನ್ನಡಕ ಏರಿಸಿಕೊಂಡು ಗಾದಿಯ ತುದಿಗೆ ಕುಳಿತು ಪುಸ್ತಕವನ್ನು ಜೋರಾಗಿ ಓದತೊಡಗಿದಳು. ಅದು ನಿದ್ದೆಯದಲ್ಲ, ಸತ್ಯದ್ದೂ ಅಲ್ಲ. ರವಿವಾರ ಶಾಲೆಯಲ್ಲಿ ಮಕ್ಕಳು ತೂಕಡಿಸದಂತೆ ಪಾಠ ಹೇಳುವುದು ಹೇಗೆಂದು ಶಿಕ್ಷಕರಿಗೆ ತಿಳಿಸುವ ಪುಸ್ತಕ. ದನಿ ಏರಿಸಿ ಇಳಿಸಬೇಕು, ನಡುನಡುವೆ ಚಪ್ಪಾಳೆ ತಟ್ಟಬೇಕು. ಬಾಯಿ ಓದಿದಂತೆಯೇ ಏರಿಸಿದಳು, ಇಳಿಸಿದಳು, ಚಪ್ಪಾಳೆಯನ್ನೂ ತಟ್ಟಿದಳು. ಎರಡನೆಯ ಹಾಳಿ ಮುಗಿಯುವಷ್ಟರಲ್ಲಿ ವಿರೂಪಾಕ್ಷಪ್ಪ ಗೊರಕೆ ಹೊಡೆಯುತ್ತಿದ್ದ.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದ. ಖರೇ ಹೇಳುವವನು ನಿದ್ದೆಯಲ್ಲಿದ್ದ. ಹನೀಫ್ ಲಗುಬಗೆಯಿಂದ ಅವನನ್ನು ತನ್ನ ಅಂಗಡಿಗೆ ಕರೆದೊಯ್ದು, ಚೀಲ ಮಾರಿ, ಕೈ ಒರೆಸಿಕೊಳ್ಳುತ್ತ ಮರಳಿ ಬಂದ.

“ಬಾಯಾರ, ಇದ ಔಷಧ! ಪ್ಯಾಟಿ ಇದ್ದ ದಿನಾ ಗಾಡಿ ಕಳಸತೇನಿ, ಬಂದು ಓದಿಬಿಡ್ರಿ,” ಎಂದು ಪಿಸುಗುಟ್ಟಿದ. “ನಿಲ್ಲಸಬ್ಯಾಡ್ರಿ ಮತ್ತ, ಎದ್ದಾನು.”

ಬಾಯಿ ಓದುತ್ತಲೇ ಇದ್ದಳು. ಮೂರನೆಯ ಪಾಠದಲ್ಲಿ ಕಳೆದುಹೋದ ಕುರಿಯ ಕಥೆ ಬಂತು. ಕುರುಬ ಉಳಿದ ಹಿಂಡನ್ನು ಅಡವಿಯಲ್ಲೇ ಬಿಟ್ಟು, ತಪ್ಪಿಸಿಕೊಂಡ ಒಂದು ಕುರಿಯನ್ನು ಹುಡುಕುತ್ತ ಹೋದ. ಇಲ್ಲಿಗೆ ನಿಲ್ಲಿಸಿರಿ, ಮಕ್ಕಳೇ ಕೇಳುವರು ಎಂದು ಪುಸ್ತಕದಲ್ಲಿತ್ತು. ಬಾಯಿ ನಿಲ್ಲಿಸಿದಳು.

ಮೂಲೆಯಲ್ಲಿ ತೊಟ್ಟು ಮುರಿಯುವ ಸದ್ದೂ ನಿಂತಿತು. ಕುರಿ ಕಾಯುವ ಮನೆತನದ ಫಕ್ಕೀರವ್ವ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಬುಟ್ಟಿಗೆ ಹಾಕುವುದನ್ನೇ ಮರೆತಿದ್ದಳು.

“ಯಾಕ ನಿಂತ್ರಿ? ಕುರಿ ಸಿಕ್ಕತೋ ಇಲ್ಲೋ?”

ಮುಂದಿನದು ಪುಸ್ತಕದಲ್ಲಿರಲಿಲ್ಲ. ಬಾಯಿ ಅದನ್ನು ಮುಚ್ಚಿಟ್ಟು, ಚಿಕ್ಕವಳಿದ್ದಾಗ ತಾಯಿಯ ಮಗ್ಗುಲಲ್ಲಿ ಕೇಳಿದ್ದನ್ನು ನೆನೆಸಿ ನೆನೆಸಿ ಹೇಳಿದಳು. ಮುಳ್ಳುಕಂಟಿ, ಕತ್ತಲು, ದೂರದಿಂದ ಕೇಳಿದ ‘ಬ್ಯಾ’, ಹೆಗಲ ಮೇಲೆ ಕುರಿ ಹೊತ್ತುಕೊಂಡು ನಗುತ್ತ ಬಂದವನು. ಹೇಳುವಾಗ ಆಕೆಯ ಕಣ್ಣಲ್ಲಿ ನೀರಾಡಿತು. ಅದು ಮೆಣಸಿನಕಾಯಿಯ ಘಾಟಿಗಂತೂ ಅಲ್ಲ.

“ಸಿಕ್ಕಿದ್ದು ಚಲೋ ಆತವ್ವ,” ಎಂದಳು ಫಕ್ಕೀರವ್ವ. “ಆದ್ರ ಉಳಿದ ಹಿಂಡನ್ನ ಯಾರ ಕೈಯಾಗ ಬಿಟ್ಟು ಹೋಗಿದ್ದ? ತ್ವಾಳ ಬಂದ್ರ?”

ಸುಗುಣಾಬಾಯಿ ಯೋಚಿಸಿದಳು. ಇಷ್ಟು ವಯಸ್ಸಾಗಿದ್ದರೂ ಈ ಪ್ರಶ್ನೆ ತನಗೆ ಹೊಳೆದೇ ಇರಲಿಲ್ಲ.

“ನನಗೂ ಗೊತ್ತಿಲ್ಲವ್ವ.”

“ಹಂಗಾರ ಬರ್ರಿ ಇಲ್ಲಿ, ಕುಂದರ್ರಿ,” ಎಂದು ಫಕ್ಕೀರವ್ವ ಬುಟ್ಟಿ ಸರಿಸಿ ಜಾಗ ಮಾಡಿದಳು. “ನಮ್ಮಪ್ಪ ಏನ ಮಾಡತಿದ್ದ ಹೇಳತೇನಿ.”